ನೋವೂ ಭಯವೂ ಕಾಯದ ಮಕ್ಕಳು

ಉತ್ತರ ಪಾಕಿಸ್ತಾನದ ಬೀದಿಗಳಲ್ಲಿ ಹತ್ತು ವರ್ಷದ ಹುಡುಗನೊಬ್ಬ ಪ್ರದರ್ಶನ ಕೊಡುತ್ತಿದ್ದ. ತೋಳಿಗೆ ಚಾಕು ಚುಚ್ಚಿಕೊಳ್ಳುವುದು, ನಿಗಿನಿಗಿ ಕೆಂಡದ ಮೇಲೆ ನಡೆಯುವುದು ಅವನ ಆಟ. ಕಣ್ಕಟ್ಟು ಏನೂ ಇರಲಿಲ್ಲ. ಚಾಕು ನಿಜವಾಗಿಯೂ ಮಾಂಸ ಸೀಳುತ್ತಿತ್ತು, ಕೆಂಡ ನಿಜವಾಗಿಯೂ ಅಂಗಾಲು ಸುಡುತ್ತಿತ್ತು. ನೋವು ಮಾತ್ರ ಇರಲಿಲ್ಲ. ಕೇಂಬ್ರಿಜ್‌ನ ತಳಿವಿಜ್ಞಾನಿ ಜೆಫ್ರಿ ವುಡ್ಸ್ ಮತ್ತು ಸಂಗಡಿಗರಿಗೆ ಅವನನ್ನು ಪರೀಕ್ಷಿಸುವ ಆಸೆಯಿತ್ತು. ಅಷ್ಟರಲ್ಲಿ ಹುಡುಗ ತೀರಿಕೊಂಡಿದ್ದ. ಮನೆಯ ಮಾಳಿಗೆಯಿಂದ ಜಿಗಿದಿದ್ದನಂತೆ. ವಯಸ್ಸು ಇನ್ನೂ ಹದಿನಾಲ್ಕು ತುಂಬಿರಲಿಲ್ಲ.

ವುಡ್ಸ್ ತಂಡ ಅದೇ ಸೀಮೆಯ ಮೂರು ಕುಟುಂಬಗಳಲ್ಲಿ ಇಂಥದೇ ಆರು ಮಕ್ಕಳನ್ನು ಹುಡುಕಿತು. 2006ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ನೋವಿನ ಸುದ್ದಿಯನ್ನು ನರದೊಳಗೆ ಹೊರಡಿಸುವ ಸೋಡಿಯಂ ಬಾಗಿಲೊಂದಿದೆ. ಅದನ್ನು ಕಟ್ಟುವ ಎಸ್‌ಸಿಎನ್9ಎ ಎಂಬ ಜೀನ್ ಈ ಮಕ್ಕಳಲ್ಲಿ ಕೆಟ್ಟಿತ್ತು. ಮುಟ್ಟಿದರೆ ಗೊತ್ತಾಗುತ್ತಿತ್ತು, ಬಿಸಿ–ತಂಪು ತಿಳಿಯುತ್ತಿತ್ತು, ಬುದ್ಧಿಯೂ ಚುರುಕಾಗಿತ್ತು. ಆದರೂ ಹಲ್ಲು ಮೂಡಿದ ಮೊದಲ ವರ್ಷಗಳಲ್ಲೇ ಆರೂ ಮಕ್ಕಳು ತಮ್ಮ ತುಟಿಯನ್ನೋ ನಾಲಗೆಯನ್ನೋ ತಾವೇ ಕಚ್ಚಿ ಗಾಯ ಮಾಡಿಕೊಂಡಿದ್ದರು. ಇಬ್ಬರಿಗೆ ನಾಲಗೆಯ ತುದಿಯೇ ಉಳಿದಿರಲಿಲ್ಲ.

ಇಂಥ ಮಕ್ಕಳು ಲಕ್ಷಾಂತರ ಜನರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ಆದರೂ ಅವರಿಂದ ಒಂದು ದೊಡ್ಡ ವಿಷಯ ತಿಳಿಯುತ್ತದೆ. ಮಕ್ಕಳು ಬೆಂಕಿಯಿಂದ, ನೀರಿನಿಂದ, ವಾಹನದಿಂದ ದೂರವಿರುವುದು ನಾವು ಬುದ್ಧಿ ಹೇಳುತ್ತೇವೆಂದಲ್ಲ. ಹೇಳುವ ಮೊದಲೇ ಅವರ ಮೈಯೊಳಗೆ ಒಂದು ಕಾವಲುಪಡೆ ಎದ್ದಿರುತ್ತದೆ. ನೋವು, ಎತ್ತರದ ಭಯ, ಅಪರಿಚಿತರ ಅಳುಕು, ಹೆಸರು ಕರೆದರೆ ತಿರುಗುವ ಅಭ್ಯಾಸ, ಕಷ್ಟ ಬಂದರೆ ‘ಅಮ್ಮಾ’ ಎಂದು ಕೂಗುವ ಗಂಟಲು. ಮನೆ, ಶಾಲೆ, ರಸ್ತೆ ಎಲ್ಲವನ್ನೂ ಈ ಪಡೆ ಹಾಜರಿದೆ ಎಂದು ನಂಬಿಯೇ ಕಟ್ಟಿದ್ದೇವೆ. ಅದರಲ್ಲಿ ಒಬ್ಬ ಕಾವಲುಗಾರ ಗೈರುಹಾಜರಾದರೂ ಅಪಾಯದ ನಕ್ಷೆ ಪೂರ್ತಿ ಬದಲಾಗುತ್ತದೆ. ಉಳಿದವರಿಗೆ ನಿರುಪದ್ರವಿಯಾದ ಹಜಾರ ಒಂದು ಮಗುವಿಗೆ ಪ್ರಪಾತದ ಅಂಚಾಗಬಹುದು.

ವಿಶೇಷ ಅಗತ್ಯದ ಮಕ್ಕಳು ಎಂಬ ಒಂದೇ ಹೆಸರಿನಡಿ ನಾವು ಹತ್ತಾರು ಬಗೆಯ ಮಕ್ಕಳನ್ನು ಸೇರಿಸುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ 21 ಬಗೆಗಳನ್ನು ಪಟ್ಟಿ ಮಾಡಿದೆ. ಅವರೆಲ್ಲರಿಗೂ ಒಪ್ಪುವ ಒಂದೇ ಸುರಕ್ಷತಾ ಸೂತ್ರ ಇಲ್ಲ. ಯಾವ ಮಗುವಿನಲ್ಲಿ ಯಾವ ಕಾವಲುಗಾರ ಇಲ್ಲ ಎಂದು ಕೇಳಿಕೊಂಡರೆ ಮಾತ್ರ ಉತ್ತರಗಳು ಸಿಗುತ್ತವೆ.

ಮೊದಲು ನೀರಿನ ಮಾತು.

2013ರ ಅಕ್ಟೋಬರ್ 4ರಂದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಶಾಲೆಯೊಂದರಿಂದ ಅವಾಂಟೆ ಓಕ್ವೆಂಡೊ ಎಂಬ ಹದಿನಾಲ್ಕರ ಹುಡುಗ ಹೊರಗೋಡಿದ. ಆಟಿಸಂ ಇದ್ದ ಹುಡುಗ, ಮಾತು ಬರುತ್ತಿರಲಿಲ್ಲ. ಅವನು ಹಜಾರದಲ್ಲಿ ಓಡಿದ್ದು, ಬಾಗಿಲು ದಾಟಿದ್ದು ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕ್ಯಾಮೆರಾ ನೋಡುತ್ತದೆ, ತಡೆಯುವುದಿಲ್ಲ. ಹುಡುಗನಿಗೆ ರೈಲೆಂದರೆ ಪ್ರಾಣವೆಂದು ಸುರಂಗ ರೈಲುಗಳಲ್ಲೆಲ್ಲ ಹುಡುಕಿದರು, ನಿಲ್ದಾಣಗಳಲ್ಲಿ ಸಾರಿದರು. ಮನೆಯವರ ದನಿಯನ್ನು ಮುದ್ರಿಸಿ ಪೊಲೀಸ್ ವಾಹನಗಳಿಂದ ಬಿತ್ತರಿಸಿದರು. ಮೂರು ತಿಂಗಳ ನಂತರ, 2014ರ ಜನವರಿಯಲ್ಲಿ, ನದಿಯ ದಡದಲ್ಲಿ ಅವನ ಅವಶೇಷ ಸಿಕ್ಕಿತು. ಆ ಶಾಲೆ ನದಿಯ ಪಕ್ಕದಲ್ಲೇ ಇತ್ತು.

ಇದಕ್ಕೂ ಐದು ವರ್ಷ ಮೊದಲು, 2008ರಲ್ಲಿ, ಅಯೋವಾ ರಾಜ್ಯದಲ್ಲಿ ಒಂಬತ್ತು ವರ್ಷದ ಕೆವಿನ್ ಎಂಬ ಆಟಿಸಂ ಬಾಲಕ ಹೊಳೆಗಿಳಿದು ಮುಳುಗಿದ್ದ. ಇಬ್ಬರ ಹೆಸರಿನಲ್ಲಿ ಅಮೆರಿಕ 2018ರಲ್ಲಿ ‘ಕೆವಿನ್ ಮತ್ತು ಅವಾಂಟೆ ಕಾಯ್ದೆ’ ತಂದಿತು. ಹೀಗೆ ಕಣ್ತಪ್ಪಿಸಿ ಹೋಗುವವರನ್ನು ಪತ್ತೆ ಮಾಡುವ ಸಾಧನಗಳಿಗೆ, ಪೊಲೀಸರ ಮತ್ತು ಶಾಲೆಗಳ ತರಬೇತಿಗೆ ಅದರಿಂದ ಹಣ ಸಿಗುತ್ತದೆ.

ಇವು ಅಪರೂಪದ ದುರದೃಷ್ಟಗಳೆಂದು ತಳ್ಳಿಹಾಕುವಂತಿಲ್ಲ. 2012ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದರಲ್ಲಿ ಆಟಿಸಂ ಇರುವ 1,218 ಮಕ್ಕಳ ಪೋಷಕರನ್ನು ಮಾತಾಡಿಸಿದ್ದರು. ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಲು ನೋಡಿದ ಮಕ್ಕಳು ಶೇ. 49. ದಿಗಿಲು ಹುಟ್ಟುವಷ್ಟು ಹೊತ್ತು ಕಾಣೆಯಾದವರು ಶೇ. 26. ಹಾಗೆ ಕಾಣೆಯಾದವರಲ್ಲಿ ಮೂವರಲ್ಲಿ ಇಬ್ಬರು ವಾಹನದಡಿ ಬೀಳುವ, ನಾಲ್ವರಲ್ಲಿ ಒಬ್ಬರು ನೀರಿಗೆ ಬೀಳುವ ಅಪಾಯದ ಅಂಚಿಗೆ ಹೋಗಿ ಬಂದಿದ್ದರು. ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಪೋಷಕರು ಕೊಟ್ಟ ಉತ್ತರಗಳು ಅಂಕಿಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಓಡುವುದೇ ಖುಷಿ ಎಂಬುದು ಮೊದಲನೆಯ ಕಾರಣ. ಇಷ್ಟದ ಜಾಗವೊಂದಕ್ಕೆ ಹೋಗಬೇಕು ಎಂಬುದು ಆಮೇಲಿನದು. ಗದ್ದಲ, ಒತ್ತಡದಿಂದ ತಪ್ಪಿಸಿಕೊಳ್ಳಬೇಕು ಎಂಬುದು ಇನ್ನೊಂದು. ಅಂದರೆ ಮಗು ‘ಕಳೆದುಹೋಗಿಲ್ಲ’; ಅದಕ್ಕೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತು. ಗೊತ್ತಿಲ್ಲದವರು ನಾವು. ಇದೇ ಸಮೀಕ್ಷೆಯಲ್ಲಿ ಅರ್ಧದಷ್ಟು ಪೋಷಕರು ಈ ವಿಷಯದಲ್ಲಿ ಯಾವ ವೈದ್ಯರೂ ತಮಗೆ ಒಂದು ಮಾತೂ ಹೇಳಿರಲಿಲ್ಲ ಎಂದಿದ್ದರು.

ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಗ್ವಾನ್ ಮತ್ತು ಗುವೋಹುವಾ ಲೀ ಅಮೆರಿಕದ ಮರಣ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಟುವಾಗಿದೆ. ಅದರ ಪ್ರಕಾರ ಆಟಿಸಂ ಇರುವ 14 ವರ್ಷದವರೆಗಿನ ಮಗು ನೀರಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು. ಮುಳುಗಿದ ಘಟನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಹೆಚ್ಚಿನವು ಮಧ್ಯಾಹ್ನದ ಹೊತ್ತು, ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದ ಹೊಂಡ–ಕೊಳಗಳಲ್ಲಿ ನಡೆದಿದ್ದವು.

ನೀರೇ ಯಾಕೆ? ಈ ಮಕ್ಕಳಲ್ಲಿ ಅನೇಕರಿಗೆ ಸದ್ದು, ಬೆಳಕು, ಸ್ಪರ್ಶಗಳು ಹದ ಮೀರಿ ತಾಕುತ್ತವೆ. ನೀರಿನ ಹೊಳಪು, ಒಂದೇ ಲಯದ ಅಲುಗಾಟ, ಮೈಗೆ ಎಲ್ಲ ಕಡೆಯಿಂದ ಸಮನಾಗಿ ಒತ್ತುವ ಅದರ ಗುಣ ಅವರಿಗೆ ಹಿತ. ಆಳದ ಭಯ ಮಾತ್ರ ಜತೆಯಲ್ಲಿ ಬಂದಿರುವುದಿಲ್ಲ. ಸಿನಿಮಾದಲ್ಲಿ ಮುಳುಗುವವರು ಕೈಬೀಸಿ ಕೂಗುತ್ತಾರೆ. ನಿಜದಲ್ಲಿ ಹೆಚ್ಚಿನ ಮಕ್ಕಳು ಕೂಗುವುದಿಲ್ಲ, ಉಸಿರಿಗೇ ಪುರುಸೊತ್ತಿರುವುದಿಲ್ಲ. ಮಾತೇ ಬಾರದ ಮಗುವಿನ ವಿಷಯ ಹೇಳುವುದೇ ಬೇಡ.

ಆದ್ದರಿಂದಲೇ ಅಮೆರಿಕದ ಶೋಧ ತಂಡಗಳಿಗೆ ಕೊಡುವ ಸೂಚನೆ ತೀರ ಚಿಕ್ಕದು: ಆಟಿಸಂ ಇರುವ ಮಗು ಕಾಣೆಯಾದರೆ ಮೊದಲು ಹತ್ತಿರದ ನೀರಿನ ಬಳಿ ಓಡಿ. ನಮ್ಮಲ್ಲಿ ಮನೆಯವರು ಮಾಡುವುದು ಇದರ ತಿರುಗುಮುರುಗು. ಮಂಚದ ಕೆಳಗೆ, ಅಕ್ಕಪಕ್ಕದ ಮನೆಗಳಲ್ಲಿ, ಅಂಗಡಿ ಬೀದಿಯಲ್ಲಿ ಹುಡುಕಿ, ಕಡೆಗೆ ಯಾರೋ ‘ಕೆರೆ ಕಡೆ ನೋಡಿದ್ರಾ?’ ಎನ್ನುವ ಹೊತ್ತಿಗೆ ಮೀರಿರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಈಗ ಕೆರೆಗಿಂತ ಹತ್ತಿರದಲ್ಲಿರುವ ನೀರು ಕೃಷಿ ಹೊಂಡದ್ದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಬಯಲುಸೀಮೆಯ ಹೊಲಹೊಲಗಳಲ್ಲಿ ಇವು ಎದ್ದಿವೆ. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ. ಈಜು ಬಲ್ಲ ಆಳುಗಳೇ ಮೇಲೆ ಹತ್ತಲಾರರು. ಸುತ್ತ ತಂತಿ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಅಥವಾ ಹಳೆಯ ಟಯರುಗಳ ಏಣಿ ಇಳಿಬಿಟ್ಟರೆ ಅದರಿಂದ ಉಳಿಯುವುದು ವಿಶೇಷ ಮಕ್ಕಳ ಜೀವ ಮಾತ್ರವಲ್ಲ.

ಈಜು ಕಲಿಸಬಹುದೆ? ಕಲಿಸಬಹುದು, ಕಲಿಸಲೇಬೇಕು. ಆದರೆ ಒಂದು ಸೂಕ್ಷ್ಮವಿದೆ. ಈ ಮಕ್ಕಳಲ್ಲಿ ಹಲವರು ಕಲಿತದ್ದನ್ನು ಕಲಿತ ಜಾಗಕ್ಕೇ ಕಟ್ಟಿಹಾಕುತ್ತಾರೆ. ನೀಲಿ ಟೈಲ್ಸ್ ಕೊಳದಲ್ಲಿ ಈಜು ಚಡ್ಡಿ ತೊಟ್ಟು ಕಲಿತ ಮಗು, ಶಾಲೆಯ ಸಮವಸ್ತ್ರದಲ್ಲಿ ಕೆಸರು ನೀರಿಗೆ ಬಿದ್ದಾಗ ಅದನ್ನು ಬೇರೆಯೇ ಲೋಕವೆಂದು ತಿಳಿಯಬಹುದು. ಹಾಗಾಗಿ ಕೊನೆಯ ಪಾಠಗಳನ್ನು ಬಟ್ಟೆ, ಶೂ ಹಾಕಿಸಿಯೇ ಮಾಡಿಸಬೇಕೆಂದು ಪರಿಣತರು ಹೇಳುತ್ತಾರೆ. ಹಾಗೆ ಕಲಿತ ಮೇಲೂ ಬೇಲಿ ಬೇಕು.

ಇನ್ನು ಮನೆಯೊಳಗಿನ ನೀರು. ಇಲ್ಲಿ ಕಥೆ ನೇರವಾಗಿ ಹಳೇ ಮೈಸೂರಿನ ಬಚ್ಚಲುಮನೆಗೆ ಬರುತ್ತದೆ. ತಲೆಗೆ ಬಿಸಿನೀರು ಹುಯ್ದುಕೊಂಡರೆ ಫಿಟ್ಸ್ ಬರುವ ಒಂದು ಕಾಯಿಲೆಯಿದೆ. ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಅದನ್ನು ಒಂದು ದೊಡ್ಡ ಸಮಸ್ಯೆಯಾಗಿ ಜಗತ್ತಿಗೆ ಕಾಣಿಸಿದ್ದು ಬೆಂಗಳೂರು. 1960ರ ದಶಕದ ಕೊನೆಯಲ್ಲಿ ನರರೋಗ ತಜ್ಞ ಕೆ.ಎಸ್. ಮಣಿ ಇಂಥ ರೋಗಿಗಳ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ ಒಟ್ಟಿಗೆ 279 ರೋಗಿಗಳ ವಿವರ ಪ್ರಕಟಿಸಿದರು. ಆಗ ಮೈಸೂರು ಜಿಲ್ಲೆಯಲ್ಲಿದ್ದ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆ ಸುತ್ತಿದ ತಂಡಕ್ಕೆ ಲಕ್ಷಕ್ಕೆ 255 ಮಂದಿಯಂತೆ ಇಂಥವರು ಸಿಕ್ಕರು. ಹೆಚ್ಚಿನವರಿಗೆ ಶುರುವಾದದ್ದು ಬಾಲ್ಯದಲ್ಲೇ, ಹುಡುಗರಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ಹಲವರಿಗಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ಮುಂದೆ ಅಂಥ ಕುಟುಂಬಗಳ ವರ್ಣತಂತುಗಳಲ್ಲಿ ಇದರ ಜಾಡು ಹಿಡಿಯಿತು.

ಇಲ್ಲಿ ತಪ್ಪಿತಸ್ಥ ಬಿಸಿನೀರು ಒಂದೇ ಅಲ್ಲ, ಹುಯ್ದುಕೊಳ್ಳುವ ರೀತಿಯೂ ಹೌದು. 40ರಿಂದ 50 ಡಿಗ್ರಿ ಕಾದ ಹಂಡೆಯ ನೀರನ್ನು ಚೊಂಬು ಚೊಂಬಾಗಿ ಒಂದೇ ಸಮನೆ ನೆತ್ತಿಗೆ ಸುರಿಯುವುದು ನಮ್ಮ ತಲೆಸ್ನಾನದ ಪದ್ಧತಿ. ನೆತ್ತಿಯ ತಾಪ ಸರ್ರನೆ ಏರಿದಾಗ ಕೆಲವರ ಮಿದುಳು ಹತೋಟಿ ತಪ್ಪುತ್ತದೆ. ಮಗು ಶೂನ್ಯ ನೋಡುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ. ಕೆಲವೊಮ್ಮೆ ಮೈಯೆಲ್ಲ ಸೆಟೆದು ಬೀಳುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖ ಸಿಗುತ್ತದೆಂದೂ, ಆದ್ದರಿಂದ ಬೇಡವೆಂದರೂ ಮತ್ತೆ ಮತ್ತೆ ಹುಯ್ದುಕೊಳ್ಳುತ್ತಾರೆಂದೂ ವೈದ್ಯರು ದಾಖಲಿಸಿದ್ದಾರೆ. ಮಗು ಹಟಮಾರಿ, ನೀರಾಟ ಬಿಡುವುದಿಲ್ಲ ಎಂದು ಬೆನ್ನಿಗೆ ಗುದ್ದುವ ತಾಯಿಗೆ ಇದು ಗೊತ್ತಿರುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಇದನ್ನು ಹಿಡಿತಕ್ಕೆ ತರುವುದು ಸುಲಭ. ಉಗುರುಬೆಚ್ಚಗಿನ ನೀರು, ತಲೆಗೆ ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅದಕ್ಕೂ ಬಗ್ಗದಿದ್ದರೆ ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಕ್ಲೋಬಜಾಮ್ ಮಾತ್ರೆ. ಈ ಉಪಾಯ ನಿಮ್ಹಾನ್ಸ್‌ನದೇ ಕೊಡುಗೆ.

ಬಿಸಿನೀರಿನದಲ್ಲದ ಸಾಮಾನ್ಯ ಮೂರ್ಛೆಯಲ್ಲೂ ಬಚ್ಚಲೇ ಅಪಾಯದ ಠಾಣೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಾದರೂ ಫಿಟ್ಸ್ ಇರುತ್ತದೆ. ಆಟಿಸಂ ಇರುವವರಲ್ಲೂ ಅದು ಹೆಚ್ಚು. ಹದಿವಯಸ್ಸಿಗೆ ಬಂದ ಹುಡುಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕೆನ್ನುವುದು ನ್ಯಾಯವೇ. ಅದಕ್ಕೆ ಚಿಲಕದ ಬದಲು ಬಾಗಿಲಿಗೆ ‘ಒಳಗಿದ್ದೇನೆ’ ಎಂಬ ಫಲಕ ತೂಗುಹಾಕುವುದು, ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡುವುದು, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲ್ ಇಡುವುದು ಇವೆಲ್ಲ ಬಡಗಿಯೊಬ್ಬ ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡಲಾಗಿ ಮಗು ಬಿದ್ದರೆ ಹೊರಗಿನವರು ಬಾಗಿಲು ಒಡೆಯುವುದೂ ಕಷ್ಟ.

ಬೆನ್ನುಹುರಿಯ ಸುತ್ತ ಮೂಳೆ ಮುಚ್ಚಿಕೊಳ್ಳದೆ ಹುಟ್ಟುವ ಸ್ಪೈನಾ ಬೈಫಿಡಾ ಮಕ್ಕಳ ಕಥೆ ಪಾಕಿಸ್ತಾನದ ಹುಡುಗನ ಕಥೆಗೆ ಹತ್ತಿರದ್ದು. ಅನೇಕರಿಗೆ ಸೊಂಟದಿಂದ ಕೆಳಗೆ ಬಿಸಿ ಗೊತ್ತಾಗುವುದಿಲ್ಲ. 60 ಡಿಗ್ರಿಯ ನೀರು ಚರ್ಮವನ್ನು ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. ಉಳಿದ ಮಕ್ಕಳು ಅಷ್ಟರಲ್ಲಿ ಕಿರುಚಿ ಕಾಲು ಎಳೆದುಕೊಂಡಿರುತ್ತಾರೆ. ಈ ಮಗು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಹಾಡು ಹೇಳುತ್ತಿರುತ್ತದೆ. ಮೇ ತಿಂಗಳ ತಾರಸಿ, ಬಿಸಿಲಿಗೆ ಕಾದ ಸ್ಕೂಟರ್ ಸೀಟು, ಬೈಕಿನ ಸೈಲೆನ್ಸರ್ ಕೂಡ ಅಷ್ಟೇ ಅಪಾಯ. ಇವರದೇ ಇನ್ನೊಂದು ವಿಚಿತ್ರ ಅಪಾಯ ಬಲೂನು. ಹುಟ್ಟಿದಾಗಿನಿಂದ ಪದೇಪದೇ ಶಸ್ತ್ರಚಿಕಿತ್ಸೆ, ಕ್ಯಾಥೆಟರ್ ಎಂದು ರಬ್ಬರ್ ಸೋಂಕುವುದರಿಂದ ಇವರಲ್ಲಿ ಹಲವರಿಗೆ ಲೇಟೆಕ್ಸ್ ಅಲರ್ಜಿ ಬೆಳೆಯುತ್ತದೆ. ಹುಟ್ಟುಹಬ್ಬದ ಬಲೂನು ಉಸಿರು ಕಟ್ಟಿಸಬಹುದು.

ಬಾಯಿಗೆ ಹಾಕಿಕೊಳ್ಳುವ ಅಪಾಯಗಳ ಚರಿತ್ರೆಯಲ್ಲಿ ಒಬ್ಬ ವೈದ್ಯರನ್ನು ನೆನೆಯಬೇಕು. ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಹೆನ್ರಿ ಬ್ರೋ. ಮಾತ್ರೆ ನುಂಗಿ ಬರುವ ಮಕ್ಕಳ ಹೊಟ್ಟೆ ತೊಳೆದೂ ತೊಳೆದೂ ಅವರಿಗೆ ರೋಸಿಹೋಗಿತ್ತು. ಪೋಷಕರಿಗೆ ಎಷ್ಟು ತಿಳಿಹೇಳಿದರೂ ಮಕ್ಕಳು ಬರುವುದು ನಿಲ್ಲಲಿಲ್ಲ. 1967ರಲ್ಲಿ ಅವರ ಒತ್ತಾಯದಿಂದ, ಅಂಗೈಯಲ್ಲಿ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ ಬಂತು. ಆ ಪ್ರದೇಶದಲ್ಲಿ ಮಕ್ಕಳ ವಿಷಪ್ರಾಶನ ಶೇ. 91ರಷ್ಟು ಇಳಿಯಿತು. ಅಮೆರಿಕ 1970ರಲ್ಲಿ ಕಾನೂನನ್ನೇ ಮಾಡಿತು. ಅಪಘಾತ ತಡೆಯ ವಿಜ್ಞಾನಕ್ಕೆ ಬುನಾದಿ ಹಾಕಿದ ವೈದ್ಯ ವಿಲಿಯಂ ಹ್ಯಾಡನ್ ಹೇಳುತ್ತಿದ್ದುದು ಇದನ್ನೇ: ಮನುಷ್ಯರ ಜಾಗ್ರತೆಯನ್ನು ನಂಬುವ ರಕ್ಷಣೆಗಿಂತ ಯಾರ ಜಾಗ್ರತೆಯನ್ನೂ ಕೇಳದ ರಕ್ಷಣೆ ಮೇಲು.

ಆದರೆ ಆ ಮುಚ್ಚಳದ ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಬೇಕು. ಅಮೆರಿಕದ ನಿಯಮದಂತೆ 42ರಿಂದ 51 ತಿಂಗಳ ಮಕ್ಕಳ ಕೈಗೆ ಬಾಟಲಿ ಕೊಡುತ್ತಾರೆ. ಐದು ನಿಮಿಷದಲ್ಲಿ ಶೇ. 85 ಮಕ್ಕಳು ತೆರೆಯಲಾರದೆ ಸೋಲಬೇಕು. ತೆರೆಯುವ ಬಗೆಯನ್ನು ತೋರಿಸಿಕೊಟ್ಟ ಮೇಲೂ ಶೇ. 80 ಮಕ್ಕಳು ಸೋಲಬೇಕು. ಅಂದರೆ ಮುಚ್ಚಳ ನಾಲ್ಕು ವರ್ಷದ ಕೈಬಲವನ್ನೂ ನಾಲ್ಕು ವರ್ಷದ ಕುತೂಹಲವನ್ನೂ ಒಟ್ಟಿಗೆ ಎಣಿಸುತ್ತದೆ. ಬೌದ್ಧಿಕ ಬೆಳವಣಿಗೆ ಹಿಂದುಳಿದ ಹನ್ನೆರಡರ ಹುಡುಗನಲ್ಲಿ ಕುತೂಹಲ ನಾಲ್ಕರದ್ದು, ಕೈಬಲ ಹನ್ನೆರಡರದ್ದು. ಅವನಿಗಾಗಿ ಯಾವ ಮುಚ್ಚಳವನ್ನೂ ಪರೀಕ್ಷಿಸಿಲ್ಲ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಹೆಚ್ಚಿನ ಸಿರಪ್ ಬಾಟಲಿಗಳಲ್ಲಂತೂ ಮಾಮೂಲಿ ತಿರುಗು ಮುಚ್ಚಳವೇ. ಫಿಟ್ಸಿಗೆ ಕೊಡುವ ಸಿಹಿ ಸಿರಪ್ಪು ಇಂಥ ಮಕ್ಕಳ ಮನೆಗಳಲ್ಲೇ ಇರುತ್ತದೆ. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಸೀಮೆಎಣ್ಣೆ, ಫಿನಾಯಿಲು, ಆಸಿಡ್ಡು ತುಂಬಿಡುವ ನಮ್ಮ ಚಾಳಿಯನ್ನು ಬೇರೆ ಹೇಳಬೇಕಾಗಿಲ್ಲ. ಬಾಟಲಿಯ ಆಕಾರದಿಂದಲೇ ಪದಾರ್ಥವನ್ನು ಗುರುತಿಸುವ ಮಗುವಿಗೆ ಅದು ಜ್ಯೂಸೇ. ಇಂಥ ಮನೆಯಲ್ಲಿ ಎತ್ತರದ ಶೆಲ್ಫ್ ರಕ್ಷಣೆಯಲ್ಲ. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ರಕ್ಷಣೆ.

ತಿನ್ನಬಾರದ್ದನ್ನು ತಿನ್ನುವ ಚಟಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಮಣ್ಣು, ಸುಣ್ಣ, ಗೋಡೆಯ ಹಕ್ಕಳೆ ಎಲ್ಲ ಅದರಲ್ಲಿ ಬಂತು. ಸಣ್ಣ ಮಕ್ಕಳು ಎರಡು ವರ್ಷಕ್ಕೆ ಇದನ್ನು ಬಿಡುತ್ತಾರೆ. ಬೆಳವಣಿಗೆಯ ತೊಂದರೆಯಿರುವ ಹಲವರು ಬಿಡುವುದಿಲ್ಲ. ಹಳೆಯ ಬಣ್ಣದ ಹಕ್ಕಳೆಯಲ್ಲಿ ಸೀಸ ಇದ್ದರೆ ಅದೊಂದು ವಿಷವರ್ತುಲ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ಹೀರಿದರೆ ಮಕ್ಕಳದು ಅರ್ಧದಷ್ಟನ್ನು ಹೀರಬಲ್ಲದು. ರಕ್ತಹೀನತೆಯಿದ್ದರೆ ಇನ್ನೂ ಹೆಚ್ಚು. ಸೀಸ ಮಿದುಳನ್ನು ಮತ್ತಷ್ಟು ಕುಂದಿಸುತ್ತದೆ. ಭಾರತದಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ವೆಂಕಟೇಶ್ ತುಪ್ಪಿಲ್. ದೇಶದ ಸೀಸ ವಿಷಬಾಧೆಯ ರಾಷ್ಟ್ರೀಯ ಕೇಂದ್ರ ಅವರ ಶ್ರಮದಿಂದ ಅಲ್ಲಿ ಬೆಳೆಯಿತು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಕಿಟಕಿ ಸರಳುಗಳು, ತೊಟ್ಟಿಲುಗಳು ಹಾಗೆಯೇ ಇವೆ.

ಬಟನ್ ಬ್ಯಾಟರಿಯ ಮಾತು ಒಂದೇ ಉಸಿರಿನಲ್ಲಿ ಹೇಳಬಹುದು. ರಿಮೋಟಿನ, ಹಾಡುವ ಗೊಂಬೆಯ ಒಳಗಿನ 20 ಮಿಲಿಮೀಟರ್ ಲಿಥಿಯಂ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ಒದ್ದೆಯಲ್ಲಿ ವಿದ್ಯುತ್ ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ತೂತು ಬೀಳುವಷ್ಟು ಸುಡುತ್ತದೆ. ಬ್ಯಾಟರಿ ಹಳೆಯದಾಗಿ ಆಟಿಕೆ ನಿಂತಿದ್ದರೂ ಅಷ್ಟೇ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಊಟ ಬಿಟ್ಟು ಜೊಲ್ಲು ಸುರಿಸತೊಡಗಿದರೆ ‘ಹಟ’ ಎನ್ನುವ ಮೊದಲು ಎಕ್ಸ್‌ರೇ ತೆಗೆಸಬೇಕು.

ಸದ್ದಿನ ವಿಷಯಕ್ಕೆ ಬಂದರೆ ಎಚ್ಚರಿಕೆಯ ಗಂಟೆಗಳೇ ಅನುಮಾನಾಸ್ಪದ. ಹೊಗೆ ಕಂಡರೆ ಕೂಗುವ ಅಲಾರಂಗಳು ಸುಮಾರು 3,000 ಹರ್ಟ್ಸ್‌ನ ಕೀರಲು ದನಿಯವು. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದವರು 2017ರಲ್ಲಿ 34 ಮಕ್ಕಳ ಮೇಲೆ ಅವರವರ ಮನೆಯಲ್ಲೇ ಇದನ್ನು ಪರೀಕ್ಷಿಸಿದರು. 27 ಮಕ್ಕಳು ಮತ್ತೆ ಮತ್ತೆ ಬಾರಿಸಿದರೂ ಏಳಲಿಲ್ಲ. ಇವರೆಲ್ಲ ಕಿವಿ ನೆಟ್ಟಗಿದ್ದ ಮಕ್ಕಳು. ಕಿವಿ ಮಂದವಾದವರಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಈ ಕೀರಲು ಪಟ್ಟಿಯೇ. ಮೆಲ್ಬರ್ನ್‌ನ ಮನೋವಿಜ್ಞಾನಿ ಡೊರೊತಿ ಬ್ರಕ್ ಶ್ರವಣದೋಷವುಳ್ಳ ವಯಸ್ಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಕೀರಲು ಅಲಾರಂಗೆ ಎದ್ದವರು ಶೇ. 56, ಅಷ್ಟೇ ಜೋರಿನ, 520 ಹರ್ಟ್ಸ್‌ನ ದಪ್ಪ ದನಿಗೆ ಎದ್ದವರು ಶೇ. 92. ಅತಿ ಹೆಚ್ಚು ನೆಚ್ಚಿಕೊಂಡಿದ್ದ ಮಿಣುಕು ದೀಪಕ್ಕೆ ಎದ್ದವರು ಕಾಲುಭಾಗವಷ್ಟೇ. ಹಾಸಿಗೆ ಅಲುಗಿಸುವ ಸಾಧನ ಇದಕ್ಕಿಂತ ಎಷ್ಟೋ ವಾಸಿ. ಕಿವುಡ ಮಕ್ಕಳ ವಸತಿಶಾಲೆಯಲ್ಲಿ ಗೋಡೆಗೆ ಕೆಂಪು ದೀಪ ಹಾಕಿ ಬಿಲ್ಲು ಕೊಟ್ಟ ಗುತ್ತಿಗೆದಾರನಿಗೆ ಈ ಅಂಕಿ ತೋರಿಸಬೇಕು. ಕೇಳುವ ಮಕ್ಕಳಿಗೂ ಈಗ ಹೊಸ ತೊಡಕು ಬಂದಿದೆ. ಕಣ್ಣಿಲ್ಲದ ಮಗು ರಸ್ತೆಯನ್ನು ಓದುವುದು ಕಿವಿಯಿಂದ; ವಿದ್ಯುತ್ ವಾಹನ ಸದ್ದಿಲ್ಲದೆ ಬರುತ್ತದೆ. ಹೀಗಾಗಿಯೇ ಯುರೋಪ್ ಒಕ್ಕೂಟ 2021ರಿಂದ ಅಲ್ಲಿ ಮಾರುವ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನ ವೇಗದಲ್ಲಿ ಕೃತಕ ಸದ್ದು ಮಾಡಬೇಕೆಂದು ವಿಧಿಸಿದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಕೋಣೆಗೆ ಬೀಗ ಹಾಕಿದರಾಯಿತು ಎನ್ನುವವರಿದ್ದಾರೆ. ಅವರು ತಮಿಳುನಾಡಿನ ಏರ್ವಾಡಿಯನ್ನು ಮರೆತಿದ್ದಾರೆ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿನ ಖಾಸಗಿ ಆಶ್ರಯಧಾಮವೊಂದರ ಚಪ್ಪರಕ್ಕೆ ಬೆಂಕಿ ಬಿತ್ತು. ಮಾನಸಿಕ ಅಸ್ವಸ್ಥರನ್ನು ‘ತಪ್ಪಿಸಿಕೊಂಡು ಹೋಗದಿರಲಿ’ ಎಂದು ಸರಪಳಿಯಲ್ಲಿ ಕಟ್ಟಿದ್ದರು. 28 ಮಂದಿ ಕಟ್ಟಿದ ಜಾಗದಲ್ಲೇ ಬೆಂದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಹೊರಗಿನ ಒಂದು ಅಪಾಯಕ್ಕೆ ಹೆದರಿ ಕಟ್ಟಿದ ಸರಪಳಿ ಒಳಗಿನ ಅಪಾಯಕ್ಕೆ ಮಗುವನ್ನು ಒಪ್ಪಿಸಿಬಿಡುತ್ತದೆ. ಬೀಗಕ್ಕೂ ಸೂಚನೆಗೂ ವ್ಯತ್ಯಾಸವಿದೆ. ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ, ಮಗುವಿನ ಕೈಗೆಟುಕದ ಆದರೆ ದೊಡ್ಡವರು ಕತ್ತಲಲ್ಲೂ ತೆಗೆಯಬಲ್ಲ ಮೇಲಿನ ಅಗುಳಿ, ಸದ್ದು ಸಹಿಸುವ ಮಗುವಾದರೆ ಕಾಲಿಗೆ ಗೆಜ್ಜೆ, ಬಾಗಿಲಿನ ಮೇಲೆ ಮಗು ಗುರುತಿಸುವ ‘ನಿಲ್ಲು’ ಚಿತ್ರ. ಇವು ಮಗುವನ್ನು ಕಟ್ಟುವುದಿಲ್ಲ, ದೊಡ್ಡವರನ್ನು ಎಬ್ಬಿಸುತ್ತವೆ. ಓಡುವ ಕಾರಣ ತಿಳಿದರೆ ಓಟವೇ ಕಡಿಮೆಯಾಗುತ್ತದೆ. ದಿನಾ ಸಂಜೆ ಕೆರೆ ಏರಿಗೆ ಕೈಹಿಡಿದು ಕರೆದೊಯ್ಯುವ ಅಜ್ಜ ಇದ್ದರೆ ಮಗುವಿಗೆ ಕದ್ದು ಹೋಗುವ ಅಗತ್ಯ ಬೀಳದು.

ಹೋಗಿಯೇಬಿಟ್ಟರೆ ಗುರುತು ಮುಖ್ಯ. ಕೊರಳ ಚೀಟಿಯನ್ನು ಮಗು ಕಿತ್ತೆಸೆಯುತ್ತದೆ. ಶೂ ಒಳಗಿನ, ಅಂಗಿಯ ಕಾಲರಿನ ಹಿಂದಿನ ಫೋನ್ ನಂಬರ್ ಉಳಿಯುತ್ತದೆ. 2017ರಲ್ಲಿ ಬೆಂಗಳೂರಿನ ಸರ್ಕಾರಿ ಬಾಲಮಂದಿರವೊಂದರಲ್ಲಿದ್ದ ಬೌದ್ಧಿಕ ವಿಕಲತೆಯ ಹುಡುಗರಿಗೆ ಆಧಾರ್ ಮಾಡಿಸಲು ಹೋದಾಗ ಕೆಲವರ ಅರ್ಜಿ ತಿರಸ್ಕೃತವಾಯಿತು. ಅವರ ಬೆರಳಚ್ಚು ಮೊದಲೇ ದಾಖಲಾಗಿತ್ತು. ಆ ಜಾಡು ಹಿಡಿದು ಹೊರರಾಜ್ಯಗಳ ಮನೆಗಳು ಸಿಕ್ಕವು. ತಮ್ಮ ಊರು ಹೇಳಲಾರದ ಹುಡುಗರು ಊರು ಸೇರಿದರು. ಮಗುವಿಗೆ ಐದು ತುಂಬಿದ ಮೇಲೆ ಬೆರಳಚ್ಚನ್ನು ಆಧಾರ್‌ಗೆ ಸೇರಿಸುವುದು ಇಂಥ ಮನೆಗಳಲ್ಲಿ ಸರ್ಕಾರಿ ಶಾಸ್ತ್ರಕ್ಕಷ್ಟೇ ಅಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13 ಲಕ್ಷ ಮೀರಿದ್ದರು. 2016ರ ಕಾಯ್ದೆಯ ಎಂಟನೆಯ ಕಲಂ ವಿಪತ್ತಿನ ಹೊತ್ತಿನಲ್ಲಿ ಅವರಿಗೆ ಸಮಾನ ರಕ್ಷಣೆ ಕೊಡಬೇಕೆನ್ನುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅವರ ವಿವರಗಳ ದಾಖಲೆ ಇಟ್ಟಿರಬೇಕೆಂದೂ ಹೇಳುತ್ತದೆ. ಇಂಥ ಮಗುವಿರುವ ಮನೆಯವರು ಆ ಪಟ್ಟಿಯಲ್ಲಿ ಮಗುವಿನ ಹೆಸರಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟು ಕೇಳಬೇಕು. ಮಗುವಿನ ಇತ್ತೀಚಿನ ಫೋಟೊ, ಅದು ಯಾವುದಕ್ಕೆ ಹೆದರುತ್ತದೆ, ಯಾವ ಕಡೆ ಓಡುತ್ತದೆ ಎಂಬ ನಾಲ್ಕು ಸಾಲನ್ನು ಬೀಟ್ ಪೊಲೀಸರ ಕೈಗೆ ಮೊದಲೇ ಕೊಟ್ಟಿಡಬೇಕು. ಅಂಥ ಮಗು ಇಲ್ಲದವರು ಮಾಡಬಹುದಾದದ್ದೂ ಇದೆ. ಕೆರೆಯ ಬಳಿಯೋ ರಸ್ತೆಯ ಅಂಚಿನಲ್ಲೋ ಒಂಟಿ ಮಗು ಕಂಡು, ಕರೆದರೂ ಅದು ತಿರುಗದಿದ್ದರೆ ಪೊಗರೆಂದು ಮುಂದೆ ಸಾಗಬೇಡಿ. ಹಿಂದಿನಿಂದ ಹಿಡಿದು ಬೆಚ್ಚಿಬೀಳಿಸಬೇಡಿ. ಮಗುವಿಗೂ ನೀರಿಗೂ ನಡುವೆ ಹೋಗಿ ನಿಲ್ಲಿ. 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ. ಯಾರಾದರೂ ಬರುವ ತನಕ ಅಲ್ಲೇ ಇರಿ.